ಅಳಿಯನ ಸ್ನಾನಕ್ಕೆ ಇನ್ನೂರು ಲೀಟರಿನ ಟ್ಯಾಂಕು

ಕುಣಿಗಲ್ ಬೀಗರು ಕುದುರೆಯ ಮಾತು ತೆಗೆಯದೇ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಎಂಬತ್ತೆರಡನೇ ಇಸವಿಯ ಮೇ ತಿಂಗಳು. ನನ್ನ ಸೋದರಮಾವ ಶಿವರಾಮಯ್ಯನವರ ಒಬ್ಬಳೇ ಮಗಳು ಮಹಾಲಕ್ಷ್ಮಿಯ ಮದುವೆ ತುಮಕೂರಿನ ಛತ್ರವೊಂದರಲ್ಲಿ ನಡೆಯಿತು. ಅಡಿಗೆಯವರು ಬಚ್ಚಲೊಲೆಯ ಸೌದೆಯನ್ನೂ ಅಡಿಗೆಗೇ ಉರಿಸಿಬಿಟ್ಟಿದ್ದರಿಂದ ಗಂಡಿನ ಕಡೆಯವರೆಲ್ಲ ತಣ್ಣೀರಿನಲ್ಲಿ ಸ್ನಾನ ಮಾಡಬೇಕಾಯಿತು. ಬೀಗರು ಚಿಕ್ಕಮಾರಯ್ಯನವರು ಆಗ ಏನೂ ಅನ್ನಲಿಲ್ಲ. ಊಟದ ಪಂಕ್ತಿ ಪೂರ್ತಿ ತುಂಬುವವರೆಗೆ ಕಾದು, ಎಲೆಯ ಮುಂದೆ ಕೂತು, ಕೊನೆಯ ಸಾಲಿಗೂ ಕೇಳುವಂತೆ ಹೇಳಿದರು:

"ನಮ್ ಕುಣಿಗಲ್ ಫಾರಂನಾಗೆ ಕುದ್ರೆಗೂ ಬೆಚ್ಗಿನ ನೀರ್ ಹುಯ್ತಾರೆ ಬೀಗ್ರೆ. ನಿಮ್ ತುಮಕೂರ್ನಾಗೆ ಗಂಡಿನ್ ಕಡೆಯೋರ್ಗೂ ಇಲ್ವಲ್ಲ."

ಪಂಕ್ತಿಯೆಲ್ಲ ನಕ್ಕಿತು. ಅನ್ನ ಬಡಿಸುತ್ತಿದ್ದವನೂ ನಕ್ಕ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

"ಮೊದಲ್ನೇ ದೀಪಾವಳಿಗೆ ನನ್ ಮಗ ನಿಮ್ಮನೆಗೆ ಬರ್ತಾನೆ. ಅವ್ನಿಗೆ ಒಂದ್ ಎಣ್ಣೆಸ್ನಾನಕ್ಕಾಗೋಷ್ಟು ಬಿಸ್ನೀರ್ ಕೊಡಿ. ಕೊಟ್ರೆ ವರ್ಷಾ ವರ್ಷಾ ನಿಮ್ಮಲ್ಲೇ ಹಬ್ಬ. ಕೊಡ್ನಿಲ್ವಾ, ಇನ್ಮ್ಯಾಲೆ ಎಲ್ಲಾ ದೀಪಾವಳಿನೂ ಕುಣಿಗಲ್ನಾಗೆ. ನಿಮ್ ಮಗ್ಳೂ ಅಲ್ಲೇ."

ಮಹಾಲಕ್ಷ್ಮಿಯ ಕಣ್ಣು ತುಂಬಿತು. ಮಾವ ಅದನ್ನು ನೋಡಿದರು. ಅವರ ಮನೆಯ ತಾಮ್ರದ ಹಂಡೆ ತಳ ತೂತಾಗಿ ಮೂರು ವರ್ಷವಾಗಿತ್ತು. ಆದರೂ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ, "ಹಂಡೆ ಯಾಕ್ ಬೀಗ್ರೆ? ನಾನು ಗೀಸರ್ ಹಾಕುಸ್ತೀನಿ" ಅಂದುಬಿಟ್ಟರು.

ಆ ದಿನದವರೆಗೆ ಅವರು ಗೀಸರನ್ನು ಕಣ್ಣಲ್ಲಿ ನೋಡಿರಲಿಲ್ಲ.

ಮಾವ ಗುಬ್ಬಿ ತಾಲ್ಲೂಕು ಕಚೇರಿಯಲ್ಲಿ ಜನನ ಮರಣ ವಿಭಾಗದ ಗುಮಾಸ್ತರು. ಅವರು ಬರೆದುಕೊಳ್ಳುವ ತನಕ ಆ ತಾಲ್ಲೂಕಿನಲ್ಲಿ ಯಾರೂ ಹುಟ್ಟುವ ಹಾಗಿಲ್ಲ, ಸಾಯುವ ಹಾಗೂ ಇಲ್ಲ. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಅವರಿಗೆ ಒಂದು ನಂಬಿಕೆ ಬಂದಿತ್ತು: ಲೋಕದಲ್ಲಿ ಯಾವ ಅನುಮಾನ ಬಂದರೂ ಒಂದು ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲಿ ತೆಗೆದುಕೊಂಡರೆ ಮುಗಿಯಿತು. ನಾನು ಅವರ ಮನೆಯಲ್ಲೇ ಇದ್ದುಕೊಂಡು ತುಮಕೂರಿನಲ್ಲಿ ಡಿಪ್ಲೊಮಾ ಮೊದಲನೇ ವರ್ಷ ಓದುತ್ತಿದ್ದೆ. ಬೀದಿಯವರು ನನ್ನ ಹೆಸರು ಮರೆತು ಡಿಪ್ಲೊಮಾ ಅಂತಲೇ ಕರೆಯುತ್ತಿದ್ದರು.

ಸೆಪ್ಟೆಂಬರ್ ಕೊನೆಗೆ ಗೀಸರು ಜಟಕಾದಲ್ಲಿ ಬಂತು. ಇಪ್ಪತ್ತೈದು ಲೀಟರಿನದು, ಬೆಳ್ಳಗೆ, ದುಂಡಗೆ. ಇಳಿಸಿಕೊಳ್ಳುವಾಗ ಮಾವ ಜಟಕಾದ ಕುದುರೆಯ ಕಡೆ ಒಂದು ನೋಟ ಬೀರಿದರು. ಆ ಬಡಪಾಯಿ ಕುಣಿಗಲ್‌ನದಲ್ಲ, ಆದರೂ ಬೀರಿದರು. ಪ್ಲಂಬರ್ ಯಲ್ಲಯ್ಯ ಅದನ್ನು ಬಚ್ಚಲಿನ ಗೋಡೆಗೆ ಕೂರಿಸಿ, ತಾರಸಿಯ ಸಿಮೆಂಟ್ ತೊಟ್ಟಿಯಿಂದ ಒಂದು ಪೈಪು ಎಳೆದು ತಣ್ಣೀರು ಕೊಟ್ಟು, ಇನ್ನೊಂದು ಪೈಪಿನಲ್ಲಿ ಬಿಸಿನೀರನ್ನು ನಲ್ಲಿಗೆ ಇಳಿಸಿದ. ಕೆಲಸ ಅಲ್ಲಿಗೆ ಮುಗಿದಿತ್ತು. ನಿಜವಾಗಿಯೂ ಅಲ್ಲಿಗೇ ಮುಗಿದಿತ್ತು. ಆಗ ನಾನು ಬಾಯಿ ತೆಗೆದೆ.

ಆ ವಾರ ಕಾಲೇಜಿನಲ್ಲಿ ಶಾಖದ ಪಾಠ ನಲವತ್ತಾರನೇ ಪುಟದವರೆಗೆ ಆಗಿತ್ತು. ನನಗೆ ತಿಳಿದದ್ದನ್ನು ಹೇಳದೆ ಇರುವುದು ನನ್ನಿಂದ ಆಗುವ ಕೆಲಸವಲ್ಲ.

"ಮಾವ, ನೀರು ಕಾದ್ರೆ ಉಬ್ಬುತ್ತೆ. ಇದು ನಾಲ್ಕೂ ಕಡೆ ಮುಚ್ಚಿರೋ ಡಬ್ಬ. ಉಬ್ಬಿದ್ ನೀರಿಗೆ ಹೋಗೋಕೆ ಜಾಗ ಬೇಕಲ್ವಾ? ಅದಕ್ಕೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಅಂತ ಇರ್ತದೆ."

ಮಾವ ಸ್ವಿಚ್ಚಿನ ಮೇಲಿದ್ದ ಬೆರಳನ್ನು ಮೆಲ್ಲಗೆ ತೆಗೆದರು.

"ಜಾಗ ಇಲ್ದಿದ್ರೆ ಏನಾಗ್ತದೆ?"

"ಪ್ರೆಷರ್ ಜಾಸ್ತಿ ಆಗ್ತದೆ."

"ಆದ್ರೆ?"

ಆದರೆ ಏನಾಗುತ್ತದೆ ಎಂಬುದು ನಲವತ್ತೇಳನೇ ಪುಟದಲ್ಲಿತ್ತು, ಅದು ದೀಪಾವಳಿ ರಜೆ ಕಳೆದ ಮೇಲಿನ ಪಾಠ. ನಾನು ಕೈ ಎರಡನ್ನೂ ಅಗಲಿಸಿ ತೋರಿಸಿದೆ. ಯಲ್ಲಯ್ಯ ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡು, "ನಾನ್ ಪೈಪ್ ಕೂಡ್ಸೋನು ಸಾಮಿ, ಉಬ್ಬೋದೆಲ್ಲಾ ನಂಗ್ ಬರಾಕಿಲ್ಲ" ಅಂತ ಹೊರಟೇಬಿಟ್ಟ.

"ಆಂಜನಪ್ಪ ಭಾವನ್ನ ಒಂದ್ ಮಾತು ಕೇಳಿದ್ರೆ?" ಅಂದೆ. ಅಳಿಯ ಆಂಜನಪ್ಪ ಕುಣಿಗಲ್‌ನಲ್ಲಿ ಪಂಪ್ ಮೆಕ್ಯಾನಿಕ್. ಪೈಪು, ವಾಲ್ವು, ಮೋಟರು ಇವುಗಳ ನಡುವೆಯೇ ಅವನ ಜೀವನ.

ಮಾವ ನನ್ನನ್ನು ದುರುಗುಟ್ಟಿ ನೋಡಿದರು. "ಅಳಿಯನ್ ಸ್ನಾನಕ್ಕೆ ನೀರ್ ಕಾಯ್ಸೋದ್ ಹೆಂಗೆ ಅಂತ ಅಳಿಯನ್ನೇ ಕೇಳ್ತಾರೇನೋ? ನಾಳೆ ಬೀಗರು ಪಂಕ್ತಿ ತುಂಬ್ಸಿ ಮಾತಾಡ್ಲಿ ಅಂತಾನಾ?"

ಹೀಗೆ, ಉತ್ತರ ಗೊತ್ತಿದ್ದ ಒಬ್ಬನೇ ಒಬ್ಬನನ್ನು ಬಿಟ್ಟು ಮಾವ ಮಿಕ್ಕ ಎಲ್ಲರನ್ನೂ ಕೇಳಲು ಹೊರಟರು.

ಮೊದಲು ಕೇಳಿದ್ದು ರೈಲನ್ನು. ದಿನಾ ಅವರು ಗುಬ್ಬಿಗೆ ಹೋಗಿಬರುತ್ತಿದ್ದುದು ಉಗಿಬಂಡಿಯ ಷಟಲಿನಲ್ಲಿ. ನೀರು ಕಾಯಿಸುವ ವಿಷಯದಲ್ಲಿ ಇಂಜಿನ್ ಡ್ರೈವರಿಗಿಂತ ದೊಡ್ಡವರು ಯಾರು? ಗುಬ್ಬಿ ಸ್ಟೇಷನ್ನಿನಲ್ಲಿ ಇಳಿದವರೇ ನೇರ ಇಂಜಿನ್ ಹತ್ತಿರ ಹೋಗಿ, ಛತ್ರಿ ಕಂಕುಳಲ್ಲಿ ಇಟ್ಟುಕೊಂಡು ಕೇಳಿದರು: "ಸ್ವಾಮಿ, ನಿಮ್ ಬಾಯ್ಲರ್‌ಗೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಹಾಕಿದಾರಾ?"

ಮಸಿ ಮೆತ್ತಿಕೊಂಡಿದ್ದ ಡ್ರೈವರು ಇವರನ್ನು ಮೇಲಿಂದ ಕೆಳಗೆ ನೋಡಿದ. "ಟ್ಯಾಂಕಿಲ್ಲ ಸಾಮಿ, ಸೇಫ್ಟಿ ವಾಲ್ವೈತೆ. ಅದೇನಾದ್ರೂ ಕಟ್ಕಂಡ್ರೆ ಈ ಸ್ಟೇಷನ್ ಇಲ್ಲಿಂದೆದ್ದು ಮುಂದ್ಲು ಸ್ಟೇಷನ್ ನಿಟ್ಟೂರ್ನಾಗ್ ಹೋಗಿ ಕುಂತ್ಕತೈತೆ."

"ಹಂಗಾದ್ರೂ ಟೈಮಿಗ್ ಸರ್ಯಾಗ್ ಹೋಗ್ಲಿ ಬುಡಣ್ಣ" ಅಂದ, ತೆಂಗಿನಕಾಯಿ ಮೂಟೆ ಇಳಿಸುತ್ತಿದ್ದ ಒಬ್ಬ.

ಮಾವನಿಗೆ ನಗು ಬರಲಿಲ್ಲ. ಅವತ್ತು ಗುಬ್ಬಿ ತಾಲ್ಲೂಕಿನ ಮೂರು ಜನನಗಳನ್ನು ಅವರು ಮರಣದ ರಿಜಿಸ್ಟರಿಗೆ ಬರೆದು ಆಮೇಲೆ ಹೊಡೆದುಹಾಕಿದರಂತೆ.

ಸಂಜೆ ಮನೆಗೆ ಬಂದು ಅವರು ಅತ್ತೆಗೆ ಪಿಸುಮಾತಿನಲ್ಲಿ ಹೇಳಿದ್ದು ಬಚ್ಚಲಿನ ಗೋಡೆಯಾಚೆ ಇದ್ದ ರಂಗಮ್ಮನವರಿಗೆ ಪೂರ್ತಿ ಕೇಳಿಸಿತು. ಎರಡೂ ಮನೆಗೆ ಆ ಗೋಡೆ ಒಂದೇ. ಮಾರನೆಯ ಬೆಳಿಗ್ಗೆ ರಂಗಮ್ಮ ತಮ್ಮ ಉಪ್ಪಿನಕಾಯಿ ಜಾಡಿಗಳನ್ನೂ ದೇವರ ಪಟಗಳನ್ನೂ ಆಚೆ ಕೋಣೆಗೆ ಸಾಗಿಸುತ್ತಿದ್ದರು. ಗಂಡನ ಮಂಚವನ್ನು ಮಾತ್ರ ಅಲ್ಲೇ ಬಿಟ್ಟಿದ್ದರು.

"ಏನ್ ರಂಗಮ್ಮ, ಸುಣ್ಣ ಹೊಡೆಸ್ತೀರಾ?" ಅಂದೆ.

"ನಿಮ್ಮಾವ ಬಚ್ಲಾಗೆ ರೈಲಿಂಜನ್ ತಂದಿಟ್ಟವ್ರಂತಲ್ಲಪ್ಪ ಡಿಪ್ಲೊಮಾ. ಅದು ಎದ್ರೆ ನಮ್ಮನೆ ನಿಟ್ಟೂರ್ ತಂಕ ಹೋಗ್ತದಂತೆ. ನಿಟ್ಟೂರ್ನಾಗೆ ನಮ್ಗ್ಯಾರಿದಾರೆ?"

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಎರಡು ಪಕ್ಷಗಳಾದವು. ಗೀಸರು ಬಿರಿದರೆ ಮೇಲಕ್ಕೆ ಹೋಗುತ್ತದೆ ಎಂಬುದು ಒಂದು, ಪಕ್ಕಕ್ಕೆ ಹೋಗುತ್ತದೆ ಎಂಬುದು ಇನ್ನೊಂದು. ಮೇಲಕ್ಕೆ ಅನ್ನುವವರೆಲ್ಲ ಪಕ್ಕದ ಮನೆಯವರು, ಪಾಪ.

ಮಾವ ತಡಮಾಡದೆ ನಗರಸಭೆಗೆ ಅರ್ಜಿ ಬರೆದರು. "ವಿಷಯ: ಮನೆಯಲ್ಲಿ ನೀರು ಕಾಯಿಸುವ ಯಂತ್ರಕ್ಕೆ, ಉಬ್ಬಿದ ನೀರು ಹೋಗತಕ್ಕ ತೊಟ್ಟಿ ಬೇಕೇ ಬೇಡವೇ ಎಂಬ ಬಗ್ಗೆ." ಮೂರು ಪ್ರತಿ. ರಂಗಮ್ಮನ ಕಡೆಯಿಂದಲೂ ಒಂದು ದೂರು ಹೋಯಿತು. ಅದನ್ನು ಬರೆದುಕೊಟ್ಟವರೂ ಮಾವನೇ. ಬೀದಿಯಲ್ಲಿ ಒಕ್ಕಣೆ ಬಲ್ಲವರು ಅವರೊಬ್ಬರೇ.

ನಾಲ್ಕನೇ ದಿನ ಓವರ್‌ಸಿಯರ್ ಸೈಕಲ್ಲಿನಲ್ಲಿ ಬಂದರು. ಗೀಸರನ್ನು ಟೇಪಿನಲ್ಲಿ ಅಳೆದರು. ಬಚ್ಚಲನ್ನು ಅಳೆದರು. ಅತ್ತೆ ಕೊಟ್ಟ ಕಾಫಿ ಕುಡಿದು, ಏನೂ ತೋಚದೆ ಬಾಗಿಲನ್ನೂ ಅಳೆದರು.

"ಟ್ಯಾಂಕ್ ಬೇಕಾ ಸಾರ್?" ಅಂದರು ಮಾವ.

"ಬೇಕು ಅಂತ ಬರ್ದ್ರೆ, ಯಾವ ರೂಲಲ್ಲಿ ಅಂತಾರೆ. ಬೇಡ ಅಂತ ಬರ್ದು ನಾಳೆ ಢಮಾರ್ ಅಂದ್ರೆ ನನ್ ಕೆಲ್ಸ ಹೋಗ್ತದೆ. ನೀವೇ ಒಂದು ಹಾಕ್ಕಂಡ್‌ಬುಡಿ ಶಿವರಾಮಯ್ಯ."

"ಎಷ್ಟು ದೊಡ್ಡದು?"

ಓವರ್‌ಸಿಯರ್ ಯೋಚಿಸಿ, ಜವಾಬ್ದಾರಿಯುಳ್ಳ ಅಧಿಕಾರಿಯಂತೆ ಹೇಳಿದರು. "ದೊಡ್ಡದಾದ್ರೆ ಯಾರೂ ಕೇಳಲ್ಲ. ಚಿಕ್ಕದಾದ್ರೆ ಕೇಳ್ತಾರೆ."

ಯಲ್ಲಯ್ಯನನ್ನು ಮತ್ತೆ ಕರೆಸಲಾಯಿತು. ರಸ್ತೆ ಕೆಲಸದ ಟಾರು ತುಂಬಿ ಬರುತ್ತದಲ್ಲ, ಆ ಇನ್ನೂರು ಲೀಟರಿನ ಡ್ರಮ್ಮೊಂದನ್ನು ಅವನು ಗುಜರಿಯಿಂದ ಉರುಳಿಸಿಕೊಂಡು ಬಂದ. ಒಳಗೆಲ್ಲ ಸುಟ್ಟು ಉಜ್ಜಿ, ಬಣ್ಣ ಬಳಿದು, ತಾರಸಿಯ ಮೇಲೆ ಸಿಮೆಂಟ್ ತೊಟ್ಟಿಯ ಪಕ್ಕದಲ್ಲಿ, ಎರಡರ ಬಾಯಿಯೂ ಒಂದೇ ಮಟ್ಟಕ್ಕೆ ಬರುವಂತೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ. ಡ್ರಮ್ಮಿನ ತಳದಿಂದ ಒಂದು ಪೈಪು ಇಳಿಸಿ ಗೀಸರಿನ ಬಿಸಿನೀರಿನ ಪೈಪಿಗೆ ಸೇರಿಸಿದ. ಗೀಸರಿನ ಪಕ್ಕ ಒಂದು ವಾಲ್ವನ್ನೂ ಕೂರಿಸಿದ. ನಾನು ಪುಸ್ತಕದ ಚಿತ್ರ ನೋಡುತ್ತ ನಿಂತು ಅವನಿಗೆ ದಾರಿ ತೋರಿಸಿದೆ. ಎಷ್ಟು ಖುಷಿಯಾಗಿತ್ತು ಅಂದರೆ ಎರಡು ಸಲ ಏಣಿಯಿಂದ ಜಾರಿದೆ.

"ಈಗ ಇಡೀ ಬಚ್ಲೇ ಉಬ್ಬಿದ್ರೂ ಒಳೀಕ್ ಹಿಡಿಸ್ತದೆ ಸಾಮಿ" ಅಂದ ಯಲ್ಲಯ್ಯ.

ಖಾಲಿ ಡ್ರಮ್ಮಿಟ್ಟುಕೊಂಡು ಬರೀ ಕಾಲು ಗಂಟೆ ಸ್ವಿಚ್ಚು ಹಾಕಿ ನೋಡಿದೆವು. ಮಾವ ಹೆಬ್ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು. ಏನೂ ಬಿರಿಯಲಿಲ್ಲ. ನಲ್ಲಿಯಲ್ಲಿ ಬೆಚ್ಚಗಿನ ನೀರು ಬಂತು. ಮಾವ ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ಅವತ್ತೇ ಕುಣಿಗಲ್‌ಗೆ ಕಾಗದ ಬರೆದರು. "ತಾವೂ ಕುಟುಂಬಸಮೇತ ದಯಮಾಡಿಸತಕ್ಕದ್ದು."

ದೀಪಾವಳಿಗೆ ಎರಡು ದಿನ ಇದೆ ಅನ್ನುವಾಗ ಹಾಗಲವಾಡಿಯಿಂದ ಅಜ್ಜಿ ಬಂದಳು. ಹನುಮಕ್ಕ, ಮಾವನ ತಾಯಿ. ಅವಳು ಬಂದದ್ದು ನೀರು ತುಂಬುವ ಹಬ್ಬ ಮಾಡಿಸಲು. ಎಣ್ಣೆಸ್ನಾನದ ಹಿಂದಿನ ಸಂಜೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹೊಸ ನೀರು ತುಂಬಿ ಪೂಜೆ ಮಾಡದಿದ್ದರೆ ಅವಳ ಮಟ್ಟಿಗೆ ದೀಪಾವಳಿ ಬಂದ ಹಾಗಲ್ಲ.

"ಹಂಡೆ ಎಲ್ಲಿ?"

ಮಾವ ಗೋಡೆಯ ಮೇಲಿದ್ದ ಗೀಸರು ತೋರಿಸಿದರು.

"ಬಾಯಿ ಎಲ್ಲಿ?"

"ಅದಕ್ಕೆ ಬಾಯಿಲ್ಲವ್ವ."

"ಬಾಯಿಲ್ದಿದ್ದಕ್ಕೆ ನೀರ್ ಹೆಂಗ್ಲಾ ತುಂಬೋದು? ಹೂವ ಎಲ್ಲಿಕ್ಕೋದು? ಕಣ್ಣಿಗ್ ಕಾಣ್ದ ಗಂಗಮ್ಮಂಗೆ ನಾನ್ ಪೂಜೆ ಮಾಡಾಕಿಲ್ಲ. ಅಳೀಮಯ್ಯ ಹಂಗೇ ಒಣಗ್ಲಿ."

ಆಗ ಮತ್ತೆ ನಾನೇ ಬಾಯಿ ತೆಗೆದೆ. "ಅಜ್ಜಿ, ಇದರ ಬಾಯಿ ತಾರಸಿ ಮೇಲೈತೆ."

ಅಜ್ಜಿಯನ್ನು ಮೇಲಕ್ಕೆ ಹತ್ತಿಸಿದೆವು. ಡ್ರಮ್ಮನ್ನು ನೋಡಿ ಅವಳ ಮುಖ ಅರಳಿತು. ತನ್ನ ಎಂಬತ್ತು ವರ್ಷದಲ್ಲಿ ಅಷ್ಟಗಲ ಬಾಯಿಯ ಹಂಡೆಯನ್ನು ಅವಳು ನೋಡಿರಲಿಲ್ಲ.

"ಇದೇನಿದು?"

"ಎಕ್ಸ್‌ಪ್ಯಾನ್ಷನ್ ಟ್ಯಾಂಕು."

"ಏನಾರ ಆಗ್ಲಿ, ಲಕ್ಷಣವಾಗೈತೆ. ಇದಿಲ್ದೆ ಎಂಗ್ಲಾ ನೀರ್ ಕಾಯ್ಸಾದು?"

ಮಾರನೆಯ ಸಂಜೆ ತಾರಸಿಯ ಮೇಲೆ ಡ್ರಮ್ಮಿಗೆ ಪಟ್ಟೆ ಬಿತ್ತು, ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಆಮೇಲೆ ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಪ್ಪಣೆ ಕೊಟ್ಟಳು. "ತುಂಬ್ರಲಾ. ತುಳುಕ್ಬೇಕು." ಬೀದಿಯ ಹೆಂಗಸರೆಲ್ಲ ಬಾವಿಯಿಂದ ಕೊಡ ಹೊತ್ತು ತಂದರು. ರಂಗಮ್ಮ ಎಲ್ಲರಿಗಿಂತ ಮುಂದೆ. ದೇವರಾದ ಮೇಲೆ ಅದು ಬಿರಿಯುವುದಿಲ್ಲ ಎಂಬ ಧೈರ್ಯ ಅವರಿಗೆ. ಡ್ರಮ್ಮು ತುಂಬಿ ತುಳುಕಿತು. ಉಬ್ಬುವ ನೀರಿಗೆಂದು ಇಟ್ಟ ಜಾಗದಲ್ಲಿ ಒಂದು ಹನಿಗೂ ಜಾಗವಿರಲಿಲ್ಲ. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಮಂಗಳಾರತಿ ಆಗುತ್ತಿತ್ತು.

ಅಷ್ಟರಲ್ಲಿ ಬೀಗರೂ ಅಳಿಯ ಮಗಳೂ ಬಂದಿಳಿದಿದ್ದರು.

ಬೆಳಗಿನ ಜಾವ ಗೀಸರಿನ ಸ್ವಿಚ್ಚು ಹಾಕಿ, ಆಂಜನಪ್ಪ ಭಾವನನ್ನು ಮಣೆಯ ಮೇಲೆ ಕೂರಿಸಿ, ಅಜ್ಜಿ ನೆತ್ತಿಗೆ ಅಂಗೈ ತುಂಬ ಎಣ್ಣೆ ತಟ್ಟಿದಳು. ಮನೆಯಲ್ಲಿದ್ದವರಿಗೆಲ್ಲ ಎಣ್ಣೆ ಬಿತ್ತು. ಬೀಗರು ಎಣ್ಣೆ ಸುರಿಯುತ್ತ ಜಗಲಿಯ ಮೇಲೆ ಕಾಲು ಚಾಚಿ ಕೂತು, ಬಚ್ಚಲಿನ ಕಡೆ ಕಿವಿ ಇಟ್ಟಿದ್ದರು. ಭಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ತಿರುಗಿಸಿದ ಸದ್ದು. ಒಂದು ಚೊಂಬು ಹುಯ್ದುಕೊಂಡ ಸದ್ದು. ಆಮೇಲೆ ಸದ್ದಿಲ್ಲ.

"ಹೆಂಗಿದೆ ಅಳಿಯಂದ್ರೆ?" ಅಂದರು ಮಾವ.

"ಚೆನ್ನಾಗೈತೆ ಮಾವ." ಒಳಗಿನಿಂದ ಹಲ್ಲು ಕಟಕಟ ಅಂದದ್ದು ನಮಗೆಲ್ಲ ಕೇಳಿಸಿತು. "ಸ್ವಲ್ಪ ತಣ್ಗೈತೆ ಅಷ್ಟೇ."

ಜಗಲಿಯಿಂದ ಬೀಗರು ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಅಡಿಗೆಮನೆ ಬಾಗಿಲಲ್ಲಿ ಮಹಾಲಕ್ಷ್ಮಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಮಾವ ಗೋಡೆಗೆ ಒರಗಿ ಮೆಲ್ಲಗೆ ಕೂತುಬಿಟ್ಟರು.

ಭಾವ ಟವೆಲ್ ಸುತ್ತಿಕೊಂಡು ಹೊರಗೆ ಬಂದ. ಮೈತುಂಬ ಎಣ್ಣೆ. ಗೀಸರು ನೋಡಿದ, ಪೈಪು ನೋಡಿದ, ಅದು ಮೇಲೆ ಹೋದ ದಾರಿ ನೋಡಿದ, ಏಣಿ ಹತ್ತಿ ಡ್ರಮ್ಮು ನೋಡಿ ಇಳಿದ. ಎಲ್ಲ ಸೇರಿ ಒಂದು ನಿಮಿಷ.

"ಮಾವ, ಗೀಸರ್ನಾಗೆ ನೀರು ಸುಡ್ತಾ ಐತೆ. ಆದ್ರೆ ನೀವು ನಲ್ಲಿ ಪೈಪಿಗೇ ಮೇಲಿಂದ ಇನ್ನೂರ್ ಲೀಟರ್ ತಣ್ಣೀರ್ ಬುಟ್ಟಿದೀರಿ. ನಲ್ಲಿ ಬುಟ್ರೆ ಅದೇ ಮುಂದಾಗಿ ಬರ್ತದೆ."

"ನಿಮ್ಗೆ ಹೆಂಗ್ ಗೊತ್ತಾಯ್ತು?"

"ನಾನ್ ಮಾಡೋದೇ ಈ ಕೆಲ್ಸ ಅಲ್ವಾ ಮಾವ. ಡ್ರಮ್ಮಿನ್ ತಳಕ್ಕೆ ಕೈಯಾಕಿ ಒಂದ್ ಬಟ್ಟೆ ತುರುಕಿದ್ರೆ ಮುಗೀತು."

"ಎಣ್ಣೆ ಕೈನ ಪೂಜೆ ನೀರ್ಗೆ ಅದ್ತೀಯಾ?" ಅಜ್ಜಿ ಏಣಿಗೆ ಅಡ್ಡ ನಿಂತಳು.

"ಹಂಗಾರೆ ಮೋರಿಗ್ ಬುಟ್ಟು ಖಾಲಿ ಮಾಡಾನ ಅಜ್ಜಿ."

"ಗಂಗಮ್ಮನ್ನ ಮೋರಿಗ್ ಬುಡ್ತೀಯಾ? ಹುಯ್ದ್ ನೀರು ತಲೆ ಮ್ಯಾಗೇ ಬೀಳ್ಬೇಕು."

ಭಾವ ನನ್ನ ಕಡೆ ತಿರುಗಿದ. "ಡಿಪ್ಲೊಮಾ, ಇನ್ನೂರ್ ಲೀಟರು, ಬಕೆಟ್ಟಿಗೆ ಹದಿನೈದು. ಎಷ್ಟು ತಲೆ ಬೇಕು?"

"ಹದಿಮೂರು" ಅಂದೆ, ಅಂದವನೇ ಬೀದಿಗೆ ಓಡಿದೆ.

ಆ ಬೆಳಿಗ್ಗೆ ನಾನು ಓಡಿದ ಹಾಗೆ ಯಾವ ಪರೀಕ್ಷೆಗೂ ಓಡಿಲ್ಲ. ಎಣ್ಣೆ ಹಚ್ಚಿಕೊಂಡ ಗಂಡಸರೆಲ್ಲ ಬನ್ನಿ, ಪೂಜೆಯಾದ ನೀರು, ತಲೆಗೊಂದು ಬಕೆಟ್ಟು. ನಮ್ಮ ಮನೆಯ ಬಗ್ಗೆ ಎರಡು ಪಕ್ಷವಾಗಿದ್ದ ಬೀದಿ ಟವೆಲ್ ಉಟ್ಟುಕೊಂಡು ಒಂದೇ ಸಾಲಾಗಿ ಹಿತ್ತಲಿಗೆ ಬಂತು. ಭಾವ ಗೀಸರಿನ ಪಕ್ಕದ ವಾಲ್ವು ಮುಚ್ಚಿ ಬಿಸಿನೀರನ್ನು ಒಳಗೇ ಕಾಪಾಡಿ, ನಲ್ಲಿ ಬಿಟ್ಟು ಬಕೆಟ್ ತುಂಬಿಸತೊಡಗಿದ. ನಾನು ಎತ್ತಿ ಎತ್ತಿ ಹುಯ್ಯುತ್ತ ಲೆಕ್ಕ ಕೂಗಿದೆ. ಒಂದನೆಯವರು ಮಾವ. ಬೀಗರ ಮರ್ಯಾದೆಗಾಗಿ ಒಂದು ಉಸಿರೂ ಬಿಡದೆ ನಿಂತರು. ಎರಡು, ರಂಗಮ್ಮನ ಗಂಡ. ಮೂರು, ಯಲ್ಲಯ್ಯ, ತಾನೇ ಕೂಡಿಸಿದ ಪೈಪಿನ ಫಲ. ಆರನೆಯವರು ಓವರ್‌ಸಿಯರ್. ಹಬ್ಬದ ನೆಪದಲ್ಲಿ ಟ್ಯಾಂಕ್ ಪರಿಶೀಲನೆಗೆ ಬಂದಿದ್ದ ಅವರಿಗೆ ಅಜ್ಜಿ ಅಂಗಿ ಬಿಚ್ಚಿಸಿ ಎಣ್ಣೆ ಬಳಿದಿದ್ದಳು. "ದೊಡ್ಡದಾದ್ರೆ ಯಾರೂ ಕೇಳಲ್ಲ ಅಂದ್ರಲ್ಲ ಸಾರ್" ಅಂತ ಹೇಳಿ ಹುಯ್ದೆ.

ಹತ್ತು. ಹನ್ನೊಂದು. ಹನ್ನೆರಡನೆಯವನು ನಾನೇ. ಇನ್ನೊಂದು ತಲೆ ಬೇಕಾಗಿತ್ತು. ಬೀದಿಯಲ್ಲಿ ಗಂಡಸರು ಮುಗಿದಿದ್ದರು.

ಆಗ ಜಗಲಿಯಿಂದ ಬೀಗರು ಎದ್ದು ಬಂದರು. ಅಷ್ಟು ಹೊತ್ತು ನೀರಿನ ಸದ್ದು, ಜನರ ಗದ್ದಲ ಕೇಳಿ ಕೇಳಿ ಅವರಿಗೆ ಅನುಮಾನ ಬಂದಿತ್ತು.

"ಇದೇನ್ ಬೀಗ್ರೆ, ಬಿಸ್ನೀರೆಲ್ಲಾ ಬೀದಿಯೋರ್ಗೇ ಹಂಚ್ಬುಡ್ತೀರಾ? ಗಂಡಿನ್ ತಂದೆ ಇಲ್ಲಿ ಎಣ್ಣೆ ಸುರುಸ್ತಾ ಕುಂತವ್ನೆ."

"ಬೀಗ್ರೆ, ಒಂದ್ ನಿಮ್ಷ ತಡೀರಿ, ಇನ್ನೊಂದ್ ಬಕೆಟ್—"

"ತಡಿಯೋದೇನು? ನನ್ ಮಗನ್ಗಿಂತ ಮುಂಚೆ ನಾನ್ ನೋಡ್ತೀನಿ ನಿಮ್ ಗೀಸರ್ನ. ಹುಯ್ಯೋ ಡಿಪ್ಲೊಮಾ."

ಮಾವ ಬೇಡ ಬೇಡ ಅಂತ ಕೈ ಆಡಿಸಿದರು. ನನ್ನ ಕೈ ಅಷ್ಟರಲ್ಲಿ ಹದಿಮೂರನೆಯ ಬಕೆಟ್ಟನ್ನು ಎತ್ತಿ ಆಗಿತ್ತು.

ಕುಣಿಗಲ್‌ನ ಚಿಕ್ಕಮಾರಯ್ಯನವರು ನಿಂತ ಜಾಗದಿಂದ ಒಂದೂವರೆ ಅಡಿ ಮೇಲಕ್ಕೆ ಹಾರಿದರು. ಆ ಫಾರಂನ ಯಾವ ಕುದುರೆಯೂ ಅಷ್ಟು ಎತ್ತರ ಹಾರಿರಲಾರದು. ಅದೇ ಹೊತ್ತಿಗೆ ನಲ್ಲಿ ಗೊರ್ ಅಂದು ನಿಂತಿತು. ಡ್ರಮ್ಮು ಖಾಲಿ. ಭಾವ ವಾಲ್ವು ತೆಗೆದು, ಬಚ್ಚಲ ಬಾಗಿಲು ಹಾಕಿಕೊಂಡ. ಬಾಗಿಲ ಸಂದಿಯಿಂದ, ಕಿಟಕಿಯಿಂದ, ಬೆಳಕಿಂಡಿಯಿಂದ ಹಬೆ ಎದ್ದು ಬಂತು.

ಕಾಲು ಗಂಟೆಯ ನಂತರ ಭಾವ ಕೆಂಪಗೆ ಹೊರಗೆ ಬಂದ. ನಡುಗುತ್ತ ಕೂತಿದ್ದ ತಂದೆಯನ್ನು ನೋಡಿ, "ಅಪ್ಪ, ಹುಟ್ದಾಗ್ಲಿಂದ ಇಂಥಾ ಸ್ನಾನ ಮಾಡಿರ್ಲಿಲ್ಲ" ಅಂದ.

ಹಿತ್ತಲಿನಲ್ಲಿ ಒದ್ದೆ ಟವೆಲ್ಲಿನ ಹನ್ನೆರಡು ಸಾಕ್ಷಿಗಳು. ಬೀಗರು ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. "ನಾನ್ ಅಂದಿದ್ದು ಮಗನ್ ಸ್ನಾನದ್ ಮಾತು. ಮಾತು ಮಾತೇ. ಮುಂದ್ಲು ವರ್ಷಾನೂ ಇಲ್ಲೇ" ಅಂದು, ಕಾಫಿ ಲೋಟ ತೆಗೆದುಕೊಂಡರು. ಮಹಾಲಕ್ಷ್ಮಿ ಒಳಗೆ ಓಡಿದಳು. ಅಳುವುದಕ್ಕೋ ನಗುವುದಕ್ಕೋ, ಎರಡೂ ಕೇಳಿಸಿತು.

ಊಟವಾದ ಮೇಲೆ ಭಾವ ಡ್ರಮ್ಮಿನ ಪೈಪು ಬಿಚ್ಚಿ ಆ ತೂತಿಗೆ ಬಿರಡೆ ಜಡಿದ. ಗೀಸರಿಗೆ ಮತ್ತೆ ತಣ್ಣೀರು ತುಂಬಿ, ತೊಟ್ಟಿಯ ನೀರು ನಿಲ್ಲಿಸಿ, ಬಿಸಿನೀರಿನ ನಲ್ಲಿ ಬಿಟ್ಟು, ಕೆಳಗೆ ಒಂದು ಚೊಂಬಿಟ್ಟು ಸ್ವಿಚ್ಚು ಹಾಕಿದ. ನೀರು ಕಾದು ಉಬ್ಬಿದಷ್ಟೂ ತೊಟತೊಟ ಬಿತ್ತು. ಪೂರ್ತಿ ಕಾದು ನಿಂತಾಗ ಎಲ್ಲರೂ ಬಗ್ಗಿ ನೋಡಿದೆವು. ಅರ್ಧ ಲೀಟರು. ಚೊಂಬು ತುಂಬಿರಲಿಲ್ಲ.

"ಇಷ್ಟೇನಾ?" ಅಂದರು ಮಾವ.

"ಇಷ್ಟೇ ಮಾವ. ಇದಕ್ಕೂ ಬೇರೆ ಟ್ಯಾಂಕ್ ಬೇಡ. ಮೇಲಿನ್ ಸಿಮೆಂಟ್ ತೊಟ್ಟಿ ಬಾಯಿ ತೆರಕೊಂಡೈತಲ್ಲ, ಉಬ್ಬಿದ್ ನೀರು ಬಂದ ಪೈಪ್ನಾಗೇ ವಾಪಸ್ ಹತ್ಕತದೆ. ನಡುವೆ ನೀರ್ನ ವಾಪಸ್ ಬುಡ್ದಿರೋ ಒನ್‌ವೇ ವಾಲ್ವ್ ಹಾಕಿದ್ರೆ ಮಾತ್ರ ಯೋಚ್ನೆ ಮಾಡ್ಬೇಕು. ನೀವು ಹಾಕಿಲ್ಲ."

ನಾನು ಮೆಲ್ಲಗೆ ಒಳಗೆ ಹೋಗಿ ನಲವತ್ತೇಳನೇ ಪುಟ ತೆಗೆದೆ. ಮೊದಲನೇ ಸಾಲಿನಲ್ಲೇ ಭಾವ ಹೇಳಿದ್ದು ಇತ್ತು. ಪುಸ್ತಕ ಮುಚ್ಚಿಟ್ಟು ಬಂದೆ. ಯಾರಿಗೂ ಹೇಳಲಿಲ್ಲ. ಜೀವನದಲ್ಲಿ ನಾನು ತಿಳಿದದ್ದನ್ನು ಹೇಳದೆ ಉಳಿಸಿಕೊಂಡದ್ದು ಅದೊಂದೇ ಸಲ.

ಸಂಕ್ರಾಂತಿಯ ಹೊತ್ತಿಗೆ ನಗರಸಭೆಯಿಂದ ಬರಹದಲ್ಲಿ ಉತ್ತರ ಬಂತು: ಸದರಿ ತೊಟ್ಟಿಯ ಬಗ್ಗೆ ನಿಯಮಗಳಲ್ಲಿ ಪ್ರಸ್ತಾಪವಿಲ್ಲ, ಅರ್ಜಿದಾರರು ಬೇಕೆನಿಸಿದಲ್ಲಿ ಇಟ್ಟುಕೊಳ್ಳಬಹುದು, ಬೇಡವೆನಿಸಿದಲ್ಲಿ ತೆಗೆಯಬಹುದು. ಮಾವ ಅದನ್ನು ಅಜ್ಜಿಗೆ ಓದಿ ಹೇಳಿದರು.

"ತೆಗುದ್ರೆ ಮುಂದಿನ್ ವರ್ಷ ಹೂವ ಎಲ್ಲಿಕ್ತಾರಂತೆ, ಕೇಳು ಅವ್ರನ್ನ" ಅಂದಳು ಅಜ್ಜಿ. ಮಾವ ಕೇಳಿ ಬರೆದರು, ಮೂರು ಪ್ರತಿ. ಅದಕ್ಕೆ ಉತ್ತರ ಬಂದಿಲ್ಲ.

ಹಾಗಾಗಿ ಟ್ಯಾಂಕು ಅಲ್ಲೇ ಉಳಿಯಿತು, ಯಾವ ಪೈಪಿಗೂ ಸೇರದೆ. ಮರುವರ್ಷ ನೀರು ತುಂಬುವ ಸಂಜೆ ಬೀದಿಯ ಹೆಂಗಸರು ಯಾರೂ ಕರೆಯದೆಯೇ ಕೊಡ ಹೊತ್ತು ಬಂದರು. ಬೆಳಿಗ್ಗೆಯ ಸಾಲಿಗೆ ಗಂಡಸರು ಆಗಲೇ ಟವೆಲ್ ಒಗೆದು ಹಾಕಿದ್ದರು. ಕತ್ತಲಾಗುವ ಮುಂಚೆ ಕುಣಿಗಲ್ ಬಸ್ಸಿನಿಂದ ಇಳಿದ ಬೀಗರು ಜಗಲಿ ಹತ್ತಿ, ಕೈಯ ಚೀಲವನ್ನು ಕೆಳಗೆ ಇಡುವುದಕ್ಕೂ ಮೊದಲು ನನ್ನನ್ನು ಹತ್ತಿರ ಕರೆದರು.

"ಡಿಪ್ಲೊಮಾ, ಈಗ್ಲೇ ಬರ್ಕೋ. ಈ ಸಲ ಹದ್ಮೂರಲ್ಲ, ಹದ್ನಾಕ್ನೇ ನಂಬರ್ ನಂದು."